ಬೇಲಿ ಮಲಗಿಸೋಕೆ ಹೋಗಿ ಮುಳ್ಳು ಚುಚ್ಚಿಸ್ಕೊಂಡು ಬಂದ ಕಥೆ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಆರು ವರ್ಷ ಆಯ್ತು, ಮಾರ್ಕೆಟ್ ಹಾರ್ಬರೋ ಕಡೆ ಕಾರಲ್ಲಿ ಓಡಾಡಿದ್ದಕ್ಕೆ ಲೆಕ್ಕವೇ ಇಲ್ಲ, ಆದ್ರೂ ರಸ್ತೆ ಪಕ್ಕದ ಬೇಲೀನ ಒಂದ್ಸಲಾನೂ ನೆಟ್ಟಗೆ ನೋಡಿರ್ಲಿಲ್ಲ. ಹಸಿರು ಗೋಡೆ ಥರ ಇರುತ್ತೆ, ಅದರಾಚೆ ದನ ಕುರಿ ಇರ್ತವೆ, ಅಷ್ಟೇ. ಹೋದ ವರ್ಷ ಜನವರಿಲಿ ಒಂದಿನ ಹೋಗ್ತಾ ಇದ್ದಾಗ ನೋಡ್ತೀನಿ, ಒಂದು ಹೊಲದ ಬೇಲಿ ಪೂರ್ತಿ ಮಲಗಿದೆ! ಗಾಳಿಗೆ ಬಿದ್ದಿದ್ದಲ್ಲ, ಯಾರೋ ಒಂದೊಂದೇ ಗಿಡಾನ ಬುಡದಲ್ಲಿ ಕಡಿದು, ಎಲ್ಲಾನೂ ಒಂದೇ ಕಡೆಗೆ ವಾಲಿಸಿ, ಮಧ್ಯ ಗೂಟ ನೆಟ್ಟು, ಮೇಲ್ಗಡೆ ಜಡೆ ಹೆಣೆದ ಹಾಗೆ ಹೆಣೆದಿದಾರೆ. ಕಾರ್ ನಿಲ್ಸಿ ಇಳಿದು ನೋಡ್ದೆ. ಬುಡದಲ್ಲಿ ಕಡಿದಿರೋ ಜಾಗ ಬೆಣ್ಣೆ ಬಣ್ಣ, ಮುಕ್ಕಾಲಲ್ಲ, ತೊಂಬತ್ತು ಭಾಗ ಕಡಿದಿದೆ, ಉಳಿದಿರೋದು ಚಪ್ಪಲಿ ಪಟ್ಟಿಯಷ್ಟು ದಪ್ಪದ ತೊಗಟೆ. ಇದು ಬದುಕುತ್ತಾ ಅಂತ ನನ್ನ ಅನುಮಾನ.

ನಮ್ಮನೆ ಸಾಗರದ ಕಡೆ. ಅಡಿಕೆ ತೋಟಕ್ಕೆ ಅಗಳ ಅಂದ್ರೆ ಕಂದಕ, ಅದರ ದಂಡೆ ಮೇಲೆ ಬೇಲಿ, ದಾರಿ ಇರೋ ಕಡೆ ಗಳ ಸರಿಸೋ ದಣಪೆ, ಇದು ಹುಟ್ಟಿದಾಗಿಂದ ನೋಡಿದ್ದು. ಮಳೆಗಾಲಕ್ಕೆ ಮುಂಚೆ ಗ್ಲಿರಿಸಿಡಿಯಾ ಗೂಟ ಊರಿ, ಚಿಗುರಿದ ಮೇಲೆ ಅದನ್ನೇ ಕಡಿದು ಸೊಪ್ಪಿಗೆ ಹಾಕೋದು, ಸಂದು ಬಿದ್ದ ಕಡೆ ಮುಳ್ಳುಕಂಟಿ ತುರುಕೋದು. ಆದ್ರೆ ನೆಟ್ಟಗೆ ನಿಂತಿರೋ ಗಿಡಾನ ಕಡಿದು ಮಲಗಿಸಿ, ಅದು ಸಾಯ್ದೇ ಇರೋ ಹಾಗೆ ನೋಡ್ಕೊಂಡು ಅದರಿಂದಾನೇ ಬೇಲಿ ಮಾಡೋದು ನಾನು ಕಂಡಿದ್ದಲ್ಲ. ಕನ್ನಡದಲ್ಲಿ ಇದಕ್ಕೆ ಹೆಸರೂ ನಂಗೆ ಸಿಗ್ಲಿಲ್ಲ, ಇಲ್ಲಿಯವರು ಹೆಡ್ಜ್‌ಲೇಯಿಂಗ್ ಅಂತಾರೆ, ನಾನು ಬೇಲಿ ಮಲಗಿಸೋದು ಅಂತ ಕರ್ಕೊಂಡೆ. ಫೆಬ್ರವರಿಲಿ ಎರಡು ದಿನದ ವೀಕೆಂಡ್ ಕೋರ್ಸ್ ಇದೆ ಅಂತ ಗೊತ್ತಾಯ್ತು, ದುಡ್ಡು ಕಟ್ಟಿಬಿಟ್ಟೆ. ಹೆಂಡತಿ ಕೇಳಿದ್ಲು, "ಊರಲ್ಲಿ ಅಪ್ಪ ಬೇಲಿ ಕಟ್ಟೋಕೆ ಬಾ ಅಂದ್ರೆ ಬೆನ್ನುನೋವು ಅಂತಿದ್ರಿ, ಇಲ್ಲಿ ದುಡ್ಡು ಕೊಟ್ಟು ಕಟ್ಟೋಕೆ ಹೋಗ್ತೀರಾ?" ಉತ್ತರ ಇರ್ಲಿಲ್ಲ.

ಈ ಕೆಲಸಕ್ಕೆ ಚಳಿಗಾಲಾನೇ ಆಗ್ಬೇಕು, ಅಕ್ಟೋಬರ್‌ನಿಂದ ಮಾರ್ಚ್ ತನಕ. ಎಲೆ ಉದುರಿ ಗಿಡ ನಿದ್ದೆಲಿ ಇರುತ್ತೆ, ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುತ್ತೆ, ಹಕ್ಕಿಗಳೂ ಗೂಡು ಕಟ್ಟಿರಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಎಂಟೂವರೆಗೆ ನೆಲ ಹಿಮಕ್ಕೆ ಗಟ್ಟಿಯಾಗಿರೋ ಹೊಲದಲ್ಲಿ ನಾವು ಎಂಟು ಜನ ನಿಂತಿದ್ವಿ, ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್, ಇಬ್ಬರು ಕಾಲೇಜ್ ಹುಡುಗೀರು, ಒಂದು ಗಂಡಹೆಂಡತಿ, ಹೀಗೆ. ಕಲಿಸೋರು ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ, ಕೈ ಮಾತ್ರ ನಮ್ಮೂರಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗೌಡರ ಕೈ ಥರ, ಒರಟು ಅಂದ್ರೆ ಒರಟು. ಅವರನ್ನ ಮೇಷ್ಟ್ರು ಅಂತಾನೇ ಬರೀತೀನಿ.

ಮೇಷ್ಟ್ರು ಮೊದಲು ಕೇಳಿದ ಪ್ರಶ್ನೆ ಏನು ಗೊತ್ತಾ? "ಈ ಬೇಲಿಗೆ ಒರಗೋರು ಯಾರು?" ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ. ಅವರೇ ಆಚೆ ಕಡೆ ಕೈ ತೋರ್ಸಿದ್ರು, ಬೇಸಿಗೆಲಿ ಅಲ್ಲಿ ಬುಲಕ್ ಮೇಯ್ತವೆ, ಅಂದ್ರೆ ಬೀಜ ಒಡೆದ, ಮಾಂಸಕ್ಕೆ ಅಂತ ಸಾಕೋ ಹೋರಿಗಳು, ಒಂದೊಂದೂ ಐನೂರು ಆರ್ನೂರು ಕಿಲೋ ಇರ್ತವೆ. ನೊಣ ಕಚ್ಚಿದ್ರೆ ಬೇಲಿಗೆ ಬಂದು ಮೈ ಉಜ್ಜುತ್ವೆ. ಈ ಭಾಗದಲ್ಲಿ ಹಿಂದೆಲ್ಲ ಇದೇ ಕಸುಬಾಗಿತ್ತು, ದನ ಕೊಬ್ಬಿಸಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರ್ಕೆಟ್‌ಗೆ ಕಳಿಸೋದು. ಅದಕ್ಕೇ ಇಲ್ಲಿ ಬೆಳೆದು ಬಂದ ಬೇಲಿ ಸ್ಟೈಲ್‌ನ ಹೆಸರೇ ಮಿಡ್ಲ್ಯಾಂಡ್ ಬುಲಕ್. ಹೋರಿಗಳಿರೋ ಕಡೆಗೆ ರೆಂಬೆ, ಮುಳ್ಳು ಎಲ್ಲಾ ಬ್ರಷ್ ಥರ ಚಾಚ್ಕೊಂಡಿರ್ಬೇಕು, ಒಳಗೆ ಬರೋ ಹೊಸ ಚಿಗುರನ್ನ ಅವು ತಿನ್ನದ ಹಾಗೆ. ಈಚೆ ಕಡೆ, ರಸ್ತೆ ಅಥವಾ ಉಳುಮೆ ಹೊಲದ ಕಡೆ, ಮುಖ ಕ್ಲೀನಾಗಿರ್ಬೇಕು. ಗೂಟಾನ ಬುಡಗಳ ಸಾಲಲ್ಲೇ ನೆಡಲ್ಲ, ಸ್ವಲ್ಪ ಹಿಂದೆ ನೆಡ್ತಾರೆ, ಅದರಿಂದ ಇಡೀ ಬೇಲಿ ಹೋರಿಗಳ ಕಡೆ ಒಂಚೂರು ವಾಲಿರುತ್ತೆ. ಮೇಲ್ಗಡೆ ಹೇಝಲ್ ಅನ್ನೋ ಗಿಡದ ಬಳುಕೋ ಕಡ್ಡಿ ಹೆಣೆದ ಗಟ್ಟಿ ಹುರಿ. ಇಷ್ಟೆಲ್ಲಾ ಅಂದಕ್ಕೆ ಅಂದ್ಕೊಂಡಿದ್ದೆ ನಾನು, ಎಲ್ಲಾ ಹೋರಿ ಲೆಕ್ಕಾಚಾರ.

ಮೊದಲ ಅರ್ಧ ದಿನ ಬರೀ ಕ್ಲೀನಿಂಗ್. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದ ಬೇಲಿ ಅದು, ಬ್ರ್ಯಾಂಬಲ್ ಅನ್ನೋ ಮುಳ್ಳುಬಳ್ಳಿ, ಒಣಗಿದ ರೆಂಬೆ, ತುಕ್ಕು ಹಿಡಿದ ಮುಳ್ಳುತಂತಿ, ಒಂದು ಹಳೇ ಬಕೆಟ್, ಎಲ್ಲಾ ಎಳೆದು ಹಾಕಿದ್ವಿ. ಎಲ್ಡರ್ ಅಂತ ಒಂದು ಗಿಡ, ಅದನ್ನ ಕಂಡ್ರೆ ಮೇಷ್ಟ್ರಿಗೆ ಆಗಲ್ಲ, ಬೇಗ ಬೆಳೆದು ಪಕ್ಕದವರನ್ನ ತುಳಿದು ಆಮೇಲೆ ತಾನೂ ಸತ್ತು ಸಂದು ಬಿಡುತ್ತಂತೆ, ಬುಡಸಮೇತ ಕೀಳಿಸಿದ್ರು. ಉಳಿದಿದ್ದು ಹೆಚ್ಚಾಗಿ ಹಾಥಾರ್ನ್ ಅನ್ನೋ ಮುಳ್ಳುಗಿಡ, ನಡುನಡುವೆ ಬ್ಲ್ಯಾಕ್‌ಥಾರ್ನ್ ಅನ್ನೋ ಇನ್ನೊಂದು ಮುಳ್ಳುಗಿಡ, ಎರಡು ಫೀಲ್ಡ್ ಮೇಪಲ್ ಮರ, ಒಂದು ಆಶ್ ಮರ.

ಪೋಸ್ಟ್‌ಮ್ಯಾನ್ ಅಜ್ಜ ಚಹಾ ಕುಡೀತಾ ಒಂದು ಲೆಕ್ಕ ಹೇಳಿದ್ರು. ಮ್ಯಾಕ್ಸ್ ಹೂಪರ್ ಅನ್ನೋ ವಿಜ್ಞಾನಿ ಹೇಳಿದ್ದು, ಬೇಲಿ ಪಕ್ಕ ಮೂವತ್ತು ಗಜ ನಡೆದು ಎಷ್ಟು ಜಾತಿ ಮರ ಪೊದೆ ಇದೆ ಎಣಿಸಿ, ಒಂದು ಜಾತಿಗೆ ಒಂದು ಶತಮಾನ ಅಂತ ಹಿಡಿದ್ರೆ ಬೇಲಿ ವಯಸ್ಸು ಅಂದಾಜಿಗೆ ಸಿಗುತ್ತೆ ಅಂತ. ಎಲ್ಲಾ ಕಡೆ ಸರಿ ಹೋಗಲ್ವಂತೆ, ಹಳ್ಳಿ ಲೆಕ್ಕ ಅಷ್ಟೇ. ಮಿಡ್ಲ್ಯಾಂಡ್ಸ್ ಅಂದ್ರೆ ಇಂಗ್ಲೆಂಡಿನ ನಡುಭಾಗ, ಅಲ್ಲಿನ ಬೇಲಿಗಳಲ್ಲಿ ಬಹಳಷ್ಟು 1750ರಿಂದ 1850ರ ಮಧ್ಯೆ ಬಂದಿದ್ದು, ಪಾರ್ಲಿಮೆಂಟ್ ಕಾಯ್ದೆ ಮೇಲೆ ಕಾಯ್ದೆ ಮಾಡಿ ಊರೊಟ್ಟಿನ ತೆರೆದ ಹೊಲಗಳನ್ನ, ಗೋಮಾಳಗಳನ್ನ ತುಂಡು ಮಾಡಿ ಖಾಸಗಿಗೆ ಹಂಚಿದ ಕಾಲದ್ದು. ಕೈಗೆ ಸಿಕ್ಕಿದ ಹಾಥಾರ್ನ್ ಸಸಿ ಸಾಲಾಗಿ ನೆಟ್ಟರು. ಬಡವರು ದನ ಮೇಯಿಸ್ತಿದ್ದ ಜಾಗ ಹೋಯ್ತು. ನಾವೀಗ ಇಷ್ಟು ಪ್ರೀತಿಯಿಂದ ಉಳಿಸ್ತಿರೋ ಬೇಲಿ ಆವತ್ತು ಎಷ್ಟು ಮನೆಯವರ ಶಾಪ ತಿಂದಿರ್ಬೇಕು. ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋ ಗಾದೆ ಅಲ್ಲಿ ಅಕ್ಷರಶಃ ಆಗಿದೆ ನೋಡಿ.

ಹಾಗಂತ ಗಿಡ ಬಗ್ಗಿಸೋ ವಿದ್ಯೆ ಅಷ್ಟು ಹೊಸದೇನಲ್ಲ. ಜೂಲಿಯಸ್ ಸೀಸರ್ ಕ್ರಿ.ಪೂ. 57ರಲ್ಲಿ ಈಗಿನ ಬೆಲ್ಜಿಯಂ ಕಡೆ ನರ್ವಿ ಅನ್ನೋ ಜನರ ಮೇಲೆ ದಂಡೆತ್ತಿ ಹೋದಾಗ, ಅವರು ಎಳೇ ಮರಗಳನ್ನ ಕಚ್ಚು ಹಾಕಿ ಬಗ್ಗಿಸಿ, ನಡುವೆ ಮುಳ್ಳು ಸೇರಿಸಿ ಗೋಡೆ ಥರ ಬೇಲಿ ಮಾಡಿದ್ರು, ನುಗ್ಗೋದಿರ್ಲಿ ಆಚೆ ನೋಡೋಕೂ ಆಗಲ್ಲ ಅಂತ ಬರೆದಿಟ್ಟಿದಾನೆ. ಅಲ್ಲಿ ಒರಗೋಕೆ ಬಂದಿದ್ದು ಕುದುರೆ ಸವಾರರು.

ಮಧ್ಯಾಹ್ನ ಕೈಗೆ ಬಿಲ್‌ಹುಕ್ ಕೊಟ್ರು. ನೋಡಿ ನಗು ಬಂತು, ನಮ್ಮ ಕತ್ತಿನೇ ಅದು! ಮೂತಿ ಮುಂದಕ್ಕೆ ಬಗ್ಗಿದ, ಊರಲ್ಲಿ ಸೊಂಟದ ಕೊಕ್ಕೆಗೆ ಸಿಗ್ಸ್ಕೊಂಡು ತೋಟಕ್ಕೆ ಹೋಗೋ ಕತ್ತಿ. ಇಲ್ಲಿ ಒಂದೊಂದು ಸೀಮೆಗೆ ಒಂದೊಂದು ಆಕಾರ, ಯಾರ್ಕ್‌ಷೈರ್‌ದು ಉದ್ದ ಹಿಡಿ, ಬೆನ್ನಿನ ಕಡೆಗೂ ಅಲಗು, ಲೆಸ್ಟರ್‌ಷೈರ್‌ದು ಬೇರೆ, ವೇಲ್ಸ್‌ದು ಬೇರೆ. ಕತ್ತಿ ಹಿಡಿದ ಮೇಲೆ ನಂಗೆ ಸ್ವಲ್ಪ ಕೊಬ್ಬು ಬಂತು, ಇವರಿಗೆಲ್ಲ ನಾನೇ ಹೇಳ್ಕೊಡ್ಬಹುದು ಅನ್ನೋ ಹಾಗೆ. ಅದು ಹತ್ತು ನಿಮಿಷ ಇತ್ತು.

ಕಡಿಯೋ ಕ್ರಮ ಹೀಗೆ. ಇಳಿಜಾರಿದ್ರೆ ಗಿಡಾನ ಯಾವಾಗ್ಲೂ ಏರಿನ ಕಡೆಗೇ ಮಲಗಿಸ್ಬೇಕು, ರಸ ಮೇಲಕ್ಕೆ ಹತ್ತೋ ಜೀವ ಅದು, ತಲೆಕೆಳಗಾದ್ರೆ ಸೊರಗುತ್ತೆ. ಹಾಗಾಗಿ ಮೇಲಿನ ತುದಿಲಿ ಶುರು ಮಾಡಿ ಕೆಳಗೆ ಇಳೀತಾ ಬರೋದು. ಮಲಗಿಸೋ ಕಾಂಡಕ್ಕೆ ಇಲ್ಲಿ ಪ್ಲೀಚರ್ ಅಂತಾರೆ. ಮೊದಲು ಅದರ ಅಡ್ಡ ರೆಂಬೆ ಸವರಿ, ಆಮೇಲೆ ಮಲಗೋ ದಿಕ್ಕಿನ ಎದುರು ಮಗ್ಗುಲಿಂದ, ನೆಲದಿಂದ ಒಂದು ಗೇಣು ಮೇಲಿಂದ ಕೆಳಮುಖವಾಗಿ ಓರೆಗೆ ಏಟು ಹಾಕ್ಬೇಕು. ಗಿಡ್ಡ ಕಚ್ಚು ಹಾಕಿದ್ರೆ ಬಗ್ಗಿಸುವಾಗ ಲಟಕ್ ಅಂತ ಮುರಿಯುತ್ತೆ, ಅದಕ್ಕೆ ಕಾಂಡದ ದಪ್ಪದ ಮೂರು ನಾಲ್ಕು ಪಟ್ಟು ಉದ್ದಕ್ಕೆ ಸೀಳಿನ ಹಾಗೆ ಇಳಿಸ್ಬೇಕು. ಒಂದೊಂದೇ ಚಕ್ಕೆ ಎಗರುತ್ತೆ. ಮೇಷ್ಟ್ರು ಎಡಗೈಲಿ ಕಾಂಡದ ಮೇಲ್ಭಾಗ ಹಿಡ್ಕೊಂಡು ಮೆಲ್ಲಗೆ ತಳ್ತಾ ಇರ್ತಾರೆ, ಬಲಗೈಲಿ ಏಟು, ಪ್ರತಿ ಏಟಿಗೂ ಕಾಂಡ ಏನು ಹೇಳುತ್ತೆ ಅಂತ ಎಡಗೈ ಕೇಳಿಸ್ಕೊಳ್ತಾ ಇರುತ್ತೆ. ಒಂದು ಘಳಿಗೆಲಿ ಚರ್ರ್ ಅಂತ ಸಣ್ಣ ಶಬ್ದ, ಹತ್ತಡಿ ಗಿಡ ಮುದುಕಿ ಚಾಪೆ ಮೇಲೆ ಒರಗಿದ ಹಾಗೆ ನಿಧಾನಕ್ಕೆ ವಾಲಿ ಪಕ್ಕದವನ ಮೇಲೆ ಮಲಗುತ್ತೆ. ಉಳಿದ ಆ ತೊಗಟೆ ಪಟ್ಟಿ, ಅದರ ಹಿಂದಿನ ಒಂದೆಳೆ ಹಸಿ ಕಟ್ಟಿಗೆ, ಅಷ್ಟರಲ್ಲೇ ನೀರು ಹರಿದು ಮಲಗಿದ ಗಿಡ ಜೀವ ಹಿಡ್ಕೊಳ್ಳುತ್ತೆ. ಬುಡದಲ್ಲಿ ಉಳಿದ ಮೊಂಡನ್ನ ಓರೆಯಾಗಿ ನುಣ್ಣಗೆ ಕೆತ್ತಬೇಕು, ಮಳೆ ನೀರು ನಿಲ್ಲಬಾರದು, ನಿಜವಾದ ಹೊಸ ಬೇಲಿ ಹುಟ್ಟೋದು ಅಲ್ಲಿಂದ. ಮಲಗಿದ್ದು ಬರೀ ಕಾವಲಿಗೆ, ಬುಡದ ಚಿಗುರು ದೊಡ್ಡದಾಗೋ ತನಕ.

ನನ್ನ ಮೊದಲನೇದು ಚೆನ್ನಾಗೇ ಬಂತು. ಎರಡನೇದೂ ಪರವಾಗಿಲ್ಲ. ಮೂರನೇದು ಸುಮಾರು ನನ್ನ ಮೊಣಕೈ ದಪ್ಪದ ಹಾಥಾರ್ನ್, ಜೋಶಲ್ಲಿ ಇನ್ನೊಂದೇ ಏಟು ಅಂತ ಹಾಕಿದೆ ನೋಡಿ, ಪೂರ್ತಿ ಕೈಗೆ ಬಂತು! ಗಿಡಾನ ಎರಡೂ ಕೈಲಿ ಎತ್ತಿ ಹಿಡ್ಕೊಂಡು, ದೀಪಾವಳಿಗೆ ಬಾಳೆಕಂಬ ಹೊತ್ತವನ ಥರ ನಿಂತಿದ್ದೆ. ಹುಡುಗೀರು ನಕ್ಕರು. ಮೇಷ್ಟ್ರು ನಗಲಿಲ್ಲ ಬೈಯಲೂ ಇಲ್ಲ, ಅದನ್ನ ಇಸ್ಕೊಂಡು ಸಂದಿನಲ್ಲಿ ಬೇರೆಯವುಗಳ ಜೊತೆ ನೇಯ್ದು ತುರುಕಿದ್ರು. "ಸತ್ತಿದ್ದೂ ಕೆಲವು ದಿನ ಕೆಲಸ ಮಾಡುತ್ತೆ. ವೇಲ್ಸ್‌ನವರು ಬೇಕಂತಲೇ ಹಾಕ್ತಾರೆ" ಅಂದ್ರು ಅಷ್ಟೇ.

ಅವರು ಹೇಳಿದ್ದು ಹೌದು, ಆಮೇಲೆ ವೇಲ್ಸ್‌ನ ಬ್ರೆಕನ್ ಕಡೆ ಟ್ರೆಕಿಂಗ್ ಹೋದಾಗ ಕಣ್ಣಾರೆ ನೋಡ್ದೆ. ವೇಲ್ಸ್ ಅಂದ್ರೆ ಕುರಿ ಸೀಮೆ. ಕುರಿ ಹೋರಿ ಥರ ಒರಗಲ್ಲ, ನುಸುಳುತ್ತೆ, ಮೇಲಾಗಿ ಒಂದು ಚಿಗುರು ಕಂಡ್ರೂ ಬಿಡಲ್ಲ. ಹಾಗಾಗಿ ಅವರ ಬೇಲಿ ಎತ್ತರಕ್ಕಿಂತ ಕೆಳಗಡೆ ದಟ್ಟ, ಒಣ ಮುಳ್ಳನ್ನ ಎರಡೂ ಕಡೆ ಸೇರಿಸಿ ಎಳೇ ಚಿಗುರಿಗೆ ರಕ್ಷೆ ಕಟ್ತಾರೆ, ಗೂಟಾನೂ ನೆಟ್ಟಗಿರಲ್ಲ, ವಾಲಿಸಿ ಹೊಡೆದಿರ್ತಾರೆ. ಲ್ಯಾಂಕಷೈರ್ ವೆಸ್ಟ್‌ಮೋರ್‌ಲ್ಯಾಂಡ್ ಕಡೆ ಎರಡೂ ಹೊಲದಲ್ಲಿ ಪ್ರಾಣಿ ಇರೋದ್ರಿಂದ ಗೂಟ ಒಂದು ಈಚೆ ಒಂದು ಆಚೆ, ಮೇಲೆ ಹುರಿ ಇಲ್ಲ. ಡರ್ಬಿಷೈರ್‌ನಲ್ಲೂ ಹುರಿ ಹಾಕಲ್ಲ, ಗರಗಸದಲ್ಲಿ ಸೀಳಿದ ಚೌಕ ಗೂಟಗಳಷ್ಟೇ. ದಕ್ಷಿಣದವರದು ಎರಡೂ ಕಡೆ ಬ್ರಷ್, ನಡುವೆ ಗೂಟ, ಮೇಲೆ ಹೆಣಿಗೆ. ಡೆವನ್‌ದು ನಂಗೆ ತುಂಬಾ ಹತ್ತಿರ ಅನ್ನಿಸ್ತು, ಯಾಕಂದ್ರೆ ಅಲ್ಲಿ ಮಣ್ಣಿನ ಏರಿ ಮೇಲೆ ಬೇಲಿ, ನಮ್ಮ ಅಗಳದ ದಂಡೆ ಇದ್ದ ಹಾಗೆ. ಏರಿನೇ ಅರ್ಧ ಬೇಲಿ ಆಗಿರೋದ್ರಿಂದ ಗಿಡಗಳನ್ನ ಹೆಚ್ಚುಕಮ್ಮಿ ಅಡ್ಡಡ್ಡ ಮಲಗಿಸಿ, ಕವಲು ಇರೋ ಕೊಕ್ಕೆ ಕೋಲನ್ನ ಮೇಲಿಂದ ಬಡಿದು ಹಿಡಿಸ್ತಾರೆ. ಯಾರ್ಕ್‌ಷೈರ್‌ನವರದ್ದು ತೆಳ್ಳಗೆ, ಗಿಡಗಳು ತೀರಾ ನೆಲದ ಹತ್ತಿರ ಮಲಗಿ, ಮೇಲೆ ಒಂದು ಉದ್ದ ಹಲಗೆ ತಂದು ಗೂಟಗಳಿಗೆ ಮೊಳೆ ಹೊಡೆದುಬಿಡ್ತಾರೆ, ಹುರಿ ಬದಲು ಅದೇ. ಮಿಡ್ಲ್ಯಾಂಡ್ಸ್‌ನವರು ಇದನ್ನ ನೋಡಿ ಮೂಗು ಮುರೀತಾರೆ ಅನ್ನೋದು ಬೇರೆ ಮಾತು. ಹೀಗೆ ಮೂವತ್ತಕ್ಕೂ ಹೆಚ್ಚು ಸ್ಟೈಲ್ ಇವೆಯಂತೆ. ಅದರಲ್ಲಿ ಮೋಟರ್‌ವೇ ಸ್ಟೈಲ್ ಅಂತಾನೂ ಒಂದಿದೆ ಅಂದ್ರೆ ನಂಬ್ತೀರಾ, ಹೆದ್ದಾರಿ ಪಕ್ಕ, ವಾಹನ ಹೋಗೋ ದಿಕ್ಕಿಗೇ ಗಿಡ ಮಲಗಿಸೋದು. ಅಲ್ಲಿ ಒರಗೋಕೆ ಬರೋದು ಲಾರಿ.

ಭಾನುವಾರ ಗೂಟ ಮತ್ತು ಹೆಣಿಗೆ. ಗೂಟದಿಂದ ಗೂಟಕ್ಕೆ ಹದಿನೆಂಟು ಇಂಚು ಅಂತ ಮೇಷ್ಟ್ರು ಹೇಳಿದಾಗ ನಾನು ಟೇಪ್ ಹುಡುಕ್ತಾ ಇದ್ದೆ, ಅವರು ಮೊಣಕೈನ ಒಂದು ಗೂಟಕ್ಕೆ ತಾಗಿಸಿ ಬೆರಳ ತುದಿ ಬಂದ ಕಡೆ ಇನ್ನೊಂದು ಊರಿದ್ರು. ಮೊಳ! ಅಜ್ಜಿ ಹೂವು ಅಳೀತಿದ್ದ ಅದೇ ಮೊಳ. ಅದನ್ನ ಅವರಿಗೆ ಹೇಳ್ದೆ, ನಮ್ಮಲ್ಲಿ ಮಲ್ಲಿಗೆ ಹೂವಿನ ಮಾಲೆ ಈ ಅಳತೆಲಿ ಮಾರ್ತಾರೆ ಅಂತ. ಅವರು ಸ್ವಲ್ಪ ಯೋಚಿಸಿ, "ಉದ್ದ ಕೈಯವರ ಹತ್ತಿರ ಕೊಳ್ಬೇಕು" ಅಂದ್ರು. ಎರಡು ದಿನದಲ್ಲಿ ಅವರು ಮಾಡಿದ ಒಂದೇ ಜೋಕ್.

ಹೆಣಿಗೆಗೆ ಹೇಝಲ್ ಕಡ್ಡಿ, ಬೆರಳಿಗಿಂತ ಸ್ವಲ್ಪ ದಪ್ಪ, ಎರಡೂವರೆ ಮೂರು ಮೀಟರ್ ಉದ್ದ. ಬುಡದ ತುದಿ ಗೂಟದ ಹಿಂದೆ ಸಿಗಿಸಿ, ಒಂದರ ಮೇಲೊಂದು ಹಾಯಿಸಿ, ಗೂಟದ ಮುಂದೆ ಹಿಂದೆ ತಿರುಚ್ತಾ ಹೋಗೋದು. ಇದು ಮಾತ್ರ ನನ್ನ ಕೈಗೆ ತಕ್ಷಣ ಬಂತು, ಚಿಕ್ಕಂದಿನಲ್ಲಿ ತಂಗಿ ಜಡೆ ಹಾಕಿದ ಅನುಭವ ಇತ್ತಲ್ಲ. ಹುರಿ ಕೂತ ಮೇಲೆ ಮರದ ಕೊಡತಿಯಿಂದ ತಟ್ಟಿ ಬಿಗಿ ಮಾಡಿ, ಮೇಲೆ ಚಾಚಿದ ಗೂಟದ ತಲೆಗಳನ್ನ ಒಂದೇ ಮಟ್ಟಕ್ಕೆ ಗರಗಸದಲ್ಲಿ ಓರೆಯಾಗಿ ಕುಯ್ದ್ರೆ ಮುಗೀತು. ಬೇಲಿಗೆ ಕೈಯಿಟ್ಟು ಅಲ್ಲಾಡಿಸಿ ನೋಡ್ದೆ, ಗೋಡೆ.

ಎರಡು ದಿನ ಒದ್ದಾಡಿ ನಾನೂ ಪೋಸ್ಟ್‌ಮ್ಯಾನ್ ಅಜ್ಜನೂ ಸೇರಿ ಮಾಡಿದ್ದು ಐದು ಮೀಟರ್. ಸ್ಪರ್ಧೆಗಳಲ್ಲಿ ಒಬ್ಬೊಬ್ಬರೇ ಐದು ಗಂಟೇಲಿ ಹತ್ತು ಗಜ ಮುಗಿಸ್ತಾರಂತೆ. ಇದಕ್ಕೆ ಅಂತಲೇ 1978ರಲ್ಲಿ ಶುರುವಾದ ನ್ಯಾಷನಲ್ ಹೆಡ್ಜ್‌ಲೇಯಿಂಗ್ ಸೊಸೈಟಿ ಇದೆ, ಪ್ರತಿ ವರ್ಷ ರಾಷ್ಟ್ರೀಯ ಸ್ಪರ್ಧೆ ನಡೆಸ್ತಾರೆ, ಸ್ಟೈಲಿಗೊಂದು ವಿಭಾಗ. ಈಗಿನ ರಾಜ ಚಾರ್ಲ್ಸ್ ಅದರ ಪೋಷಕ, ಸ್ವತಃ ಅವರೇ ಕತ್ತಿ ಹಿಡಿದು ಬೇಲಿ ಮಲಗಿಸೋರು. ಆ ಸೊಸೈಟಿ ಶುರುವಾಗೋ ಹೊತ್ತಿಗೆ ಕಸುಬು ಸೊರಗಿತ್ತು, ಎರಡನೇ ಮಹಾಯುದ್ಧದ ನಂತರ ದೊಡ್ಡ ಟ್ರ್ಯಾಕ್ಟರ್‌ಗೆ ದೊಡ್ಡ ಹೊಲ ಬೇಕು ಅಂತ ಬೇಲಿ ಕಿತ್ತುಹಾಕಿದ್ದೂ ಕಿತ್ತುಹಾಕಿದ್ದೇ, ಉಳಿದಿದ್ದಕ್ಕೆ ಮುಳ್ಳುತಂತಿ ಮತ್ತು ಟ್ರ್ಯಾಕ್ಟರ್‌ಗೆ ಕಟ್ಟೋ ಸವರೋ ಮಿಷನ್. 1997ರ ಕಾನೂನು ಬಂದ ಮೇಲೆ ಮೂವತ್ತು ವರ್ಷಕ್ಕಿಂತ ಹಳೇದಾದ, ಇಪ್ಪತ್ತು ಮೀಟರ್‌ಗಿಂತ ಉದ್ದದ ಹೊಲದ ಬೇಲೀನ ಅನುಮತಿ ಇಲ್ದೆ ಕೀಳೋ ಹಾಗಿಲ್ಲ.

ಇನ್ನು ಮುಳ್ಳಿನ ವಿಷಯ. ಬ್ಲ್ಯಾಕ್‌ಥಾರ್ನ್ ಮುಳ್ಳು ಚುಚ್ಚಿದ್ರೆ ಹಾಗೇ ಬಿಡಬೇಡಿ ಅಂತ ಶನಿವಾರವೇ ಹೇಳಿದ್ರು. ನಾನು ಕಮ್ಮಿ ರೇಟಿಗೆ ಸಿಕ್ತು ಅಂತ ತಗೊಂಡಿದ್ದ ತೋಟದ ಗ್ಲೋವ್ಸ್ ಹಾಕ್ಕೊಂಡು ಹೋಗಿದ್ದೆ, ಮುಳ್ಳಿಗೆ ಅದು ಹಪ್ಪಳ. ತೋರುಬೆರಳಿನ ಗೆಣ್ಣಿಗೆ ಒಂದು ಚುಚ್ತು, ಕಿತ್ತೆ, ಒಂದು ಹನಿ ರಕ್ತ, ಊರಲ್ಲಿ ಎಷ್ಟು ಚುಚ್ಚಿಲ್ಲ ಅಂತ ಬಿಟ್ಟೆ. ಮಂಗಳವಾರ ಬೆಳಿಗ್ಗೆ ಬೆರಳು ಬಾಳೆಕಾಯಿ. ಕೀಬೋರ್ಡ್ ಒತ್ತೋಕಾಗಲ್ಲ, ಮೀಟಿಂಗಲ್ಲಿ ಮ್ಯೂಟ್ ತೆಗೆಯೋಕೆ ಎಡಗೈ. ಮುಳ್ಳಿನ ಒಂದು ತುಣುಕು ಒಳಗೇ ಉಳಿದಿತ್ತು, ಡಾಕ್ಟರ್ ತೆಗೆದು ಆಂಟಿಬಯಾಟಿಕ್ ಕೊಟ್ರು, ಗೆಣ್ಣು ಸರಿಯಾಗಿ ಮಡಚೋಕೆ ಮೂರು ವಾರ ಹಿಡೀತು. ಯಾರಾದ್ರೂ ಹೋಗೋರಿದ್ರೆ ದಪ್ಪ ಚರ್ಮದ, ಮೊಣಕೈ ತನಕ ಬರೋ ಗ್ಲೋವ್ಸ್‌ಗೆ ದುಡ್ಡು ಹಾಕಿ, ಜಾಕೆಟ್‌ಗೆ ಬೇಡ.

ಅಪ್ಪನಿಗೆ ವಿಡಿಯೋ ಕಾಲಲ್ಲಿ ಫೋಟೋ ತೋರಿಸಿದ್ದೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದ್ರು. "ಚಂದ ಇದ್ದು. ಮಂಗ ಬಂದ್ರೆ?" ಅಂದ್ರು. ಇಲ್ಲಿ ಮಂಗ ಇಲ್ಲ ಅಪ್ಪ ಅಂದೆ. "ಕಾಡುಹಂದಿ?" ಇಲ್ಲ, ಈ ಕಡೆ ಇಲ್ಲ. "ಹಂಗಾರೆ ಸರಿ" ಅಂತ ಆಸಕ್ತಿ ಕಳ್ಕೊಂಡ್ರು. ಮೇಷ್ಟ್ರ ಪ್ರಶ್ನೇನೇ ಅಲ್ವಾ ಅವರೂ ಕೇಳಿದ್ದು.

ಜೂನ್‌ನಲ್ಲಿ ಒಂದು ಭಾನುವಾರ ಮತ್ತೆ ಅಲ್ಲಿಗೆ ಹೋಗಿದ್ದೆ. ದೂರದಿಂದ ನೋಡಿದ್ರೆ ಯಾರೂ ಕಡಿದಿದ್ದೇ ಅಲ್ಲ ಅನ್ನೋ ಹಾಗೆ ಹಸಿರು. ಬಗ್ಗಿ ಎಲೆ ಸರಿಸಿ ನೋಡ್ದೆ, ಪ್ರತಿ ಮೊಂಡಿನ ಅಂಚಿಂದ ಬೆರಳುದ್ದ, ಗೇಣುದ್ದ ಕೆಂಪು ಚಿಗುರು, ಆ ಚಪ್ಪಲಿ ಪಟ್ಟಿ ತೊಗಟೆಯಲ್ಲೇ ನೀರು ಕುಡಿದು ಮಲಗಿದ ಕಾಂಡಗಳ ಮೈ ತುಂಬಾ ಎಲೆ. ಆಚೆ ಹನ್ನೆರಡೋ ಹದಿಮೂರೋ ಹೋರಿ, ಒಂದು ಬಂದು ನಮ್ಮ ಐದು ಮೀಟರ್‌ಗೆ ಕುತ್ತಿಗೆ ಉಜ್ತು, ಬೇಲಿ ಕಿರ್ರ್ ಅಂತು, ನಿಲ್ತು. ನನ್ನ ಎದೆ ಅಷ್ಟುದ್ದ.

ಪಕ್ಕಕ್ಕೆ ಕಣ್ಣು ಹೋಯ್ತು. ನಾನು ಪೂರ್ತಿ ಕಡಿದಿದ್ದ ಆ ಮೂರನೇ ಗಿಡ ಒಣಗಿ ಕಂದು ಬಣ್ಣಕ್ಕೆ ತಿರುಗಿ, ಹೋರಿ ತಳ್ಳಿದ್ದಕ್ಕೆ ಮುರಿದು, ಅಲ್ಲೊಂದು ಕಂಡಿ ಬಿದ್ದಿತ್ತು. ಕಂಡಿಗೆ ಅಡ್ಡ ಹೊಚ್ಚ ಹೊಸ ಹಲಗೆ, ಎರಡೂ ಕಡೆ ಗೂಟಕ್ಕೆ ಮೊಳೆ. ಹೊಲದ ರೈತ ಕ್ವಾಡ್ ಬೈಕಲ್ಲಿ ಬಂದವನು ನಾನು ಅದನ್ನೇ ನೋಡ್ತಿರೋದು ಕಂಡು ಹೇಳಿದ, "ಆ ಒಂದು ತುಂಡು ಯಾರ್ಕ್‌ಷೈರ್ ಸ್ಟೈಲ್."